ಜತ್ತದ ಶಾಲೆ, ಜಿನೀವಾದ ತಪಾಸಣೆ



ದೀಪಾವಳಿಗೆ ಹೊಸ ವಹಿ ಪೂಜಿಸುವ ಮನೆತನಗಳಿಗೆ ಲೆಕ್ಕದ ಮಹತ್ವವನ್ನು ನಾವು ಹೇಳಬೇಕಾಗಿಲ್ಲ. ಕೀರ್ದಿ ಬರೆಯುವವರು ನಾವೇ ಆದರೂ ಹೊರಗಿನವರು ತಪಾಸಣೆ ಮಾಡಿದಾಗಲೇ ಅದಕ್ಕೆ ಬೆಲೆ. ಸರಕಾರಗಳಿಗೂ ಇದೇ ನ್ಯಾಯ. ಅಲ್ಪಸಂಖ್ಯಾತರನ್ನು ಚೆನ್ನಾಗಿ ನೋಡಿಕೊಂಡಿದ್ದೇವೆಂದು ತಾವೇ ಹೇಳಿಕೊಂಡರೆ ಸಾಲದು.

ಈ ವಿಚಾರದಿಂದಲೇ ವಿಶ್ವಸಂಸ್ಥೆಯು 1965ರಲ್ಲಿ ಜನಾಂಗಭೇದ ನಿರ್ಮೂಲನೆಯ ಒಪ್ಪಂದವನ್ನು ಅಂಗೀಕರಿಸಿತು. ಭಾರತ 1968ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. 18 ಜನ ತಜ್ಞರ ಸಮಿತಿ ಜಿನೀವಾದಲ್ಲಿ ಸೇರಿ ಒಂದೊಂದು ದೇಶದ ವರದಿಯನ್ನೂ ಪರೀಕ್ಷಿಸುತ್ತದೆ. ಆದರೆ ಈ ಒಪ್ಪಂದ ಹೆಸರಿಸುವುದು ಜನಾಂಗ, ಬಣ್ಣ, ವಂಶ ಹಾಗೂ ಮೂಲಗಳನ್ನು, ಭಾಷೆಯನ್ನಲ್ಲ. ಭಾಷಾ ಅಲ್ಪಸಂಖ್ಯಾತರ ಮಾತು ಬರುವುದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ 27ನೆಯ ಕಲಮಿನಲ್ಲಿ. ಇದನ್ನು ಭಾರತ ಸೇರಿದ್ದು 1979ರಲ್ಲಿ. ಇದರಡಿ ನಮ್ಮ ದೇಶದ ವರದಿಯ ಪರೀಕ್ಷೆ 1997ರಲ್ಲಿ ಆದ ಮೇಲೆ ಮತ್ತೆ ಆದದ್ದು 2024ರಲ್ಲಿ! ನಡುವೆ 27 ವರ್ಷ. ವ್ಯಕ್ತಿಯೊಬ್ಬ ನೇರವಾಗಿ ಅಲ್ಲಿಗೆ ದೂರು ಒಯ್ಯುವ ಏರ್ಪಾಡಿಗೂ ಭಾರತ ಸಮ್ಮತಿಸಿಲ್ಲ. ಆದ್ದರಿಂದ ಜತ್ತದ ಕನ್ನಡ ಕೂಸಿಗೆ ಜಿನೀವಾ ಬಹಳ ದೂರ.

ಜತ್ತವು ಡಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; 1960ರಿಂದ ಮಹಾರಾಷ್ಟ್ರದಲ್ಲಿದೆ. ಉಮದಿ, ಸಂಖ ಮೊದಲಾದ ಪೂರ್ವಭಾಗದ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. 2012ರಲ್ಲಿ ಇಲ್ಲಿನ ಊರುಗಳು ನೀರಿನ ಬವಣೆಯಿಂದ ಬೇಸತ್ತು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದವು. 2022ರಲ್ಲಿ ಎರಡೂ ರಾಜ್ಯಗಳ ನಾಯಕರು ಆ ಠರಾವನ್ನೇ ಹಿಡಿದು ಜಗ್ಗಾಡಿದರು. ಗಡಿಯ ತೀರ್ಮಾನ ನಮ್ಮ ನಿಮ್ಮ ಕೈಯಲ್ಲಿಲ್ಲ. ಮಗು ಯಾವ ಭಾಷೆಯಲ್ಲಿ ಅಕ್ಷರ ಕಲಿಯಬೇಕೆಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ.

ಅದಕ್ಕೆ ಆಧಾರ ಮನೆಯಲ್ಲಿಯೇ ಉಂಟು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ಕಲಮಿನ ಪ್ರಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ವಿಶೇಷ ಅಧಿಕಾರಿ ಇರಬೇಕು. ಆತನ ವರದಿ ರಾಷ್ಟ್ರಪತಿಗಳ ಮೂಲಕ ಸಂಸತ್ತಿನ ಮುಂದೆ ಬರಬೇಕು. ಈ ಕಚೇರಿ 1957ರಲ್ಲಿ ಆರಂಭವಾಯಿತು. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಆಗಬೇಕೆಂಬುದು 1949ರಿಂದ ಬಂದ ಒಪ್ಪಂದ. ಒಂದು ಭಾಷೆಯವರು ಶೇ. 15ರಷ್ಟಿರುವ ಕಡೆ ಮಹತ್ವದ ಸರಕಾರಿ ಸೂಚನೆಗಳು ಆ ಭಾಷೆಯಲ್ಲಿಯೂ ಬರಬೇಕು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಸಾರಿತು. ಆ ಪ್ರಮಾಣಪತ್ರ ಧರ್ಮದ್ದು, ಭಾಷೆಯದಲ್ಲ. ಭಾಷೆಯ ಹಕ್ಕನ್ನು ಬೇರೆಯಾಗಿಯೇ ಕೇಳಬೇಕು. 2002ರಲ್ಲಿ ಸುಪ್ರೀಂ ಕೋರ್ಟು ಟಿ.ಎಂ.ಎ. ಪೈ ಪ್ರಕರಣದಲ್ಲಿ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯದ ಲೆಕ್ಕದಲ್ಲಿ ನೋಡಬೇಕೆಂದಿತು. ಅಂದ ಮೇಲೆ ಜತ್ತದಲ್ಲಿ ಕನ್ನಡಿಗರು ಹೇಗೋ, ಬೆಳಗಾವಿಯಲ್ಲಿ ಮರಾಠಿಗರು ಹಾಗೆಯೇ. ನಮ್ಮ ಬೀಗರು-ಬಿಜ್ಜರು ಗಡಿಯ ಎರಡೂ ಕಡೆ ಇದ್ದಾರೆ. ಇಲ್ಲಿ ಕೇಳಿದ್ದನ್ನು ಅಲ್ಲಿ ಕೊಡಲೊಲ್ಲೆ ಎಂದರೆ ಅದು ಎರಡು ತಕ್ಕಡಿ ಇಟ್ಟ ವ್ಯಾಪಾರವಾದೀತು.

ಇನ್ನು ನಮ್ಮ ಮನೆಯ ಮಾತು. ಹಕ್ಕು ನಿಂತಿರುವುದು ಹಾಜರಿ ಪುಸ್ತಕದ ಮೇಲೆ. ಅನುಕೂಲಸ್ಥರು ಮಕ್ಕಳನ್ನು ಪೇಟೆಯ ಇಂಗ್ಲೀಷ್ ಶಾಲೆಗೆ ಕಳಿಸಿದರೆ ಕನ್ನಡ ಶಾಲೆಯಲ್ಲಿ ಉಳಿಯುವವರು ಕೂಲಿಕಾರರ ಮಕ್ಕಳು ಮಾತ್ರ. ಹತ್ತು ಒಂಬತ್ತಾದ ದಿನ ಅವರ ಹಕ್ಕೂ ಸಡಿಲವಾಗುತ್ತದೆ. ಮರಾಠಿ ಕಲಿಯಲೇಬೇಕು, ವ್ಯವಹಾರಕ್ಕೆ, ಸಾತಬಾರಾ ಉತಾರ ಓದುವುದಕ್ಕೆ ಅದು ಬೇಕು. ಇಂಗ್ಲೀಷೂ ಬೇಕು. ಆದರೆ ಮೊದಲ ನಾಲ್ಕು ವರ್ಷ ಅಜ್ಜಿಯ ಮಾತಿನಲ್ಲಿ ಕಲಿತರೆ ಕಳೆದುಕೊಳ್ಳುವುದೇನು?

ಶಾಲೆ ಆರಂಭವಾಗುವ ಮುಂಚೆಯೇ ಪಾಲಕರ ಭಾಷೆಯ ಬೇಡಿಕೆಯನ್ನು ನೋಂದಾಯಿಸಿಕೊಳ್ಳುವ ಪದ್ಧತಿಯೂ ಈ ರಕ್ಷಣೆಗಳಲ್ಲಿ ಸೇರಿದೆ. ಅದನ್ನು ಉಪಯೋಗಿಸಿರಿ. ಓಣಿಯ ಹತ್ತು ಮನೆಯವರು ಕೂಡಿ ಜಿಲ್ಲಾ ಪರಿಷತ್ತಿನ ಶಿಕ್ಷಣ ವಿಭಾಗಕ್ಕೆ ಬರಹದಲ್ಲಿ ಅರ್ಜಿ ಕೊಟ್ಟು ಪಾವತಿ ಪಡೆಯಿರಿ. ಒಂದು ಪ್ರತಿಯನ್ನು ಭಾಷಾ ಅಲ್ಪಸಂಖ್ಯಾತರ ಅಧಿಕಾರಿಗಳಿಗೂ ಕಳಿಸಿರಿ. ಬಾಯಿಮಾತಿನ ಬಾಕಿ ವಸೂಲಾಗುವುದಿಲ್ಲವೆಂಬುದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?