ಅರ್ಥವಿಲ್ಲದ ಗುರುವಂದನೆ

ಆಷಾಢದ ವ್ಯಾಸಪೂರ್ಣಿಮೆ ಬಂದಿತೆಂದರೆ, ಗುರುವೇ ಬ್ರಹ್ಮ, ವಿಷ್ಣು, ಮಹೇಶ್ವರನೆಂದು ಸಾರುವ ಸಂಸ್ಕೃತ ಶ್ಲೋಕವನ್ನು ನಮ್ಮ ಮಕ್ಕಳು ಕೈಮುಗಿದು ಪಠಿಸುತ್ತಾರೆ. ಅರ್ಥವೇನೆಂದರೆ ಒಬ್ಬರೂ ಬಾಯಿಬಿಡರು. ನಾವು ಹೇಳಿಕೊಟ್ಟಿದ್ದರಲ್ಲವೆ?

ಮಂತ್ರಕ್ಕೆ ಶಬ್ದವೇ ಸಾಕೆನ್ನುವವರುಂಟು. ಆದರೆ ಅರ್ಥವರಿಯದೆ ವೇದವನ್ನೋದಿದವನು ಹೊರೆ ಹೊತ್ತ ಕಂಬಕ್ಕೆ ಸಮಾನನೆಂಬ ಮಾತು ಯಾಸ್ಕರ ನಿರುಕ್ತದಲ್ಲಿಯೇ ಇದೆ. ‘ಗು’ ಎಂದರೆ ಕತ್ತಲೆ, ‘ರು’ ಎಂದರೆ ಅದನ್ನು ನೀಗುವುದು ಎಂದು ಸಂಪ್ರದಾಯವೇ ವಿವರಿಸುತ್ತದೆ. ಶ್ಲೋಕವನ್ನೇ ಕತ್ತಲೆಯಲ್ಲಿಟ್ಟು ವಂದನೆ ಸ್ವೀಕರಿಸುವ ನಾವು ಎಂತಹ ಗುರುಗಳು? ಗಡಿನಾಡಿನಲ್ಲಿ ಕನ್ನಡಕ್ಕೆ ಶಾಲೆಯೇ ಆಸರೆಯೆನ್ನುವ ನಾವು ಅದಕ್ಕೆ ಐದು ನಿಮಿಷದ ಕನ್ನಡವನ್ನಾದರೂ ಕೊಡಬೇಡವೆ?

ಪಠಣ ನಿಲ್ಲಲೆಂದು ನಾವು ಹೇಳುತ್ತಿಲ್ಲ. ಮೊದಲು ಪದಪದವನ್ನೂ ಕನ್ನಡದಲ್ಲಿ ಬಿಡಿಸಿ ಹೇಳೋಣ. ಆಮೇಲೆ ಮಕ್ಕಳು ಕೈಮುಗಿಯಲಿ. ಆಗ ಆ ವಂದನೆಗೆ ನಾವು ಅರ್ಹರಾದೇವು.