ಬಂಜರು ಎಂಬುದು ಕಾಗದದ ಮಾತು

ಸೌರ ವಿದ್ಯುತ್ತು ಬೇಕೇ ಬೇಕು. ಆದರೆ ಎಲ್ಲಿ ಎಂಬುದೇ ಪ್ರಶ್ನೆ. ರಾಜಸ್ಥಾನದ ಜೈಸಲ್ಮೇರ್ ಮರುಭೂಮಿಯಲ್ಲಿ ದೇವರ ಹೆಸರಿಗೆ ಬಿಟ್ಟ ‘ಓರಣ’ಗಳಿವೆ. ದನ, ಕುರಿ, ಒಂಟೆಗಳಿಗೆ ಅವೇ ಮೇವಿನ ಕಾವಲು. ಕಂದಾಯ ದಾಖಲೆಯಲ್ಲಿ ಹಲವು ಓರಣಗಳು ಬಂಜರು ಎಂದಿರುವುದರಿಂದ ವಿದ್ಯುತ್ ಸ್ಥಾವರಗಳಿಗೆ ಸುಲಭದ ಜಾಗವಾಗಿವೆ.

ಸಿರುಗುಪ್ಪ ಸೀಮೆಯವರು ಬಲ್ಲ ಎರೆಭೂತ ಹಕ್ಕಿಗೆ ಕೊನೆಯ ದೊಡ್ಡ ನೆಲೆಯೂ ಆ ಮರುಭೂಮಿಯೇ. ಎದುರಿನ ತಂತಿ ಅದಕ್ಕೆ ಸರಿಯಾಗಿ ಕಾಣದು, ಬಡಿದು ಸಾಯುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ ಹಕ್ಕಿ ಈ ನಷ್ಟ ತುಂಬಿಕೊಳ್ಳಲಾರದು. ತಂತಿಗಳನ್ನು ನೆಲದಡಿ ಹಾಕಿರೆಂದು 2021ರಲ್ಲಿ ಆದೇಶಿಸಿದ ಸುಪ್ರೀಂ ಕೋರ್ಟು, 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಮೊದಲು ಚಾವಣಿ, ಪಂಪ್‌ಸೆಟ್ಟು, ಕಾಲುವೆಯ ಮೇಲ್ಭಾಗ. ಮೇವಿನ ನೆಲ ಕಟ್ಟಕಡೆಗೆ. ಇದು ನನ್ನ ಅಭಿಪ್ರಾಯ. ನಿಮ್ಮೂರ ಗೋಮಾಳ ಪಹಣಿಯಲ್ಲಿ ಹೇಗೆ ನಮೂದಾಗಿದೆ, ಇಂದೇ ನೋಡಿ. ತಪ್ಪಿದ್ದರೆ ಗ್ರಾಮಸಭೆಯಲ್ಲಿ ಎತ್ತಿ, ತಹಸೀಲ್ದಾರರಿಗೆ ಅರ್ಜಿ ಕೊಡಿ.