ಕಣ್ಣುಮುಚ್ಚಾಲೆಯ ಮರೆ

ಕಣ್ಣುಮುಚ್ಚಾಲೆಗೆ ಚೆಂಡು ಬೇಡ, ದಾಂಡು ಬೇಡ, ಬೇಕಾದುದು ಮರೆಯೊಂದೇ. ಬಟ್ಟಬಯಲಿನಲ್ಲಿ ಈ ಆಟ ಸಾಗದು. ಎರಡನೆಯ ಶತಮಾನದ ಗ್ರೀಕ್ ಲೇಖಕ ಪೊಲಕ್ಸನು ಬಣ್ಣಿಸಿರುವ ಆಟದಲ್ಲಿಯೂ ಒಬ್ಬನು ಕಣ್ಣು ಮುಚ್ಚುತ್ತಾನೆ, ಉಳಿದವರು ಓಡಿ ಅಡಗುತ್ತಾರೆ, ಹುಡುಕುವವನಿಗಿಂತ ಮೊದಲು ಅವನ ನೆಲೆಯನ್ನು ಮುಟ್ಟಲು ಹವಣಿಸುತ್ತಾರೆ. ನಮ್ಮಲ್ಲಿ ಆ ನೆಲೆಯಲ್ಲಿ ಅಜ್ಜಿಯೊಬ್ಬಳು ಕುಳಿತಿರುತ್ತಾಳೆ, ಅಷ್ಟೇ ಭೇದ.

ಕಲಬುರಗಿಯಲ್ಲಿ ನಾನಿರುವ ಬಡಾವಣೆಯ ಮಕ್ಕಳು ನಿಂತ ಕಾರುಗಳ ಹಿಂದೆ ಅಡಗುತ್ತಾರೆ. ಕಾವಲುಗಾರನು ಗದರಿಸಿದರೆ ಆಟ ಮುಗಿಯಿತು. ಕಳೆದ ಮಳೆಗಾಲದಲ್ಲಿ ಬಂಧುಗಳನ್ನು ಕಾಣಲು ಚಿತ್ತಾಪುರ ತಾಲ್ಲೂಕಿನ ರಾವೂರಿಗೆ ಹೋದಾಗ, ಅಲ್ಲಿಯ ಮಕ್ಕಳಿಗೆ ಮರೆಯ ಬಡತನವಿಲ್ಲವೆಂದು ಹಿಗ್ಗಿದೆನು. ಶಹಾಬಾದ ಕಲ್ಲೆಂದು ಹೆಸರಾದ ಸುಣ್ಣಕಲ್ಲು ಆ ನೆಲದಿಂದ ಪದರುಪದರಾಗಿ ಏಳುತ್ತದೆ. ಓಣಿಯ ಬದಿಗೆ, ಅಂಗಳದ ಅಂಚಿಗೆ, ಎಲ್ಲೆಲ್ಲಿಯೂ ಫರಸಿಗಳ ಸಾಲು. ಏಳು ಮಂದಿ ಹುಡುಗರು ಅವುಗಳ ಹಿಂದೆ ಕ್ಷಣಾರ್ಧದಲ್ಲಿ ಮಾಯವಾದರು. ಓರೆಯಾಗಿ ಒರಗಿಸಿದ ಕಲ್ಲು ಜಾರಿದರೆ ಏನು ಗತಿ ಎಂಬ ಯೋಚನೆ ನನಗೆ ಬಂದದ್ದು ಆಮೇಲೆ. ಮಾಸ್ತರರ ವಿವೇಕ ಯಾವಾಗಲೂ ತಡ.

ಹುಡುಕುವ ಸರದಿಯವನನ್ನು, ಎಲ್ಲಕ್ಕೂ ಒಳ್ಳೆಯ ಜಾಗ ಯಾವುದೆಂದು ಕೇಳಿದೆನು. "ಹಳೇ ಖಣಿ ರೀ ಸರ. ಅಲ್ಲಿ ಕುಂತ್ರ ಯಾರಿಗೂ ಸಿಗಂಗಿಲ್ರಿ" ಎಂದು ಕೈಚಾಚಿ ತೋರಿಸಿದನು.

ಕಲ್ಲು ತೀರಿದ ಗಣಿಯಲ್ಲಿ ಮಳೆನೀರು ನಿಲ್ಲುತ್ತದೆ. ಕೆರೆಗಿರುವ ಇಳಿಜಾರು ಅದಕ್ಕಿಲ್ಲ. ಕಡಿದ ಗೋಡೆ ಒಮ್ಮೆಲೇ ಕೆಳಗಿಳಿಯುತ್ತದೆ, ಅದರ ಆಳವನ್ನು ನೀರು ಮುಚ್ಚುತ್ತದೆ. ಗಣಿಯನ್ನು ಕೈಬಿಡುವ ಮುನ್ನ ಬೇಲಿ ಹಾಕಬೇಕೆಂದು ೧೯೬೧ರ ಗಣಿ ನಿಯಮಗಳೇ ವಿಧಿಸಿದವು. ಹುಡುಗನು ತೋರಿಸಿದ ಗುಂಡಿಯ ಸುತ್ತ ಬೇಲಿಯಿರಲಿಲ್ಲ, ಜಾಲಿಯ ಗಿಡಗಳಿದ್ದವು. ಮಕ್ಕಳಿಗೆ ಆಡುವ ಹಕ್ಕುಂಟೆಂದು ವಿಶ್ವಸಂಸ್ಥೆ ೧೯೮೯ರಲ್ಲಿ ಸಾರಿತು. ೧೯೯೨ರಲ್ಲಿ ಭಾರತವೂ ಅದಕ್ಕೆ ಒಪ್ಪಿಗೆಯಿತ್ತಿತು. ಹಕ್ಕಿನ ಮಾತು ಹಾಗಿರಲಿ, ಮೊದಲು ಒಂದು ಅಡ್ಡಗೋಡೆ ಬೇಕು. ಅದಕ್ಕಾಗಿ ದಿಲ್ಲಿಯ ಅನುದಾನವನ್ನು ಕಾಯಬೇಕಾಗಿಲ್ಲ. ಒಡೆದ, ಮಾರಾಟವಾಗದ ಕಲ್ಲು ಗಣಿಗಳ ಪಕ್ಕದಲ್ಲಿಯೇ ಗುಡ್ಡೆಯಾಗಿ ಬಿದ್ದಿರುತ್ತದೆ. ಗಣಿಯ ಒಡೆಯರೂ ಪಂಚಾಯಿತಿಯವರೂ ಕೂಡಿ ಮುಂದಿನ ಮಳೆಗೆ ಮೊದಲು ಅದನ್ನೇ ಎದೆಯೆತ್ತರ ಕಟ್ಟಿಸಲಿ. ಮಿಕ್ಕ ಕಲ್ಲಿನಿಂದ ಶಾಲೆಯ ಬಯಲಿನಲ್ಲಿ ನಾಲ್ಕು ಮೋಟುಗೋಡೆಗಳನ್ನು ಗಾರೆ ಹಾಕಿ ಎಬ್ಬಿಸಲಿ. ಗಣಿಯ ಮರೆಯನ್ನು ಕಿತ್ತುಕೊಂಡ ಮೇಲೆ ಬೇರೊಂದು ಮರೆಯನ್ನು ಕೊಡದಿದ್ದರೆ ಹುಡುಗರು ಗೋಡೆಯನ್ನೂ ಹಾರಿಯಾರು.

ಆ ಸಂಜೆ ಅಡಗಿದವರು ಒಬ್ಬೊಬ್ಬರಾಗಿ ಹೊರಬಂದರು. ಎಣಿಸಿದೆನು, ಆರು. ಜಾಲಿಗಳ ಕಡೆಗೆ ಮುಖಮಾಡಿ ಏಳನೆಯವನನ್ನು ಕೂಗಿದೆನು. ಅವನು ನನ್ನ ಬೆನ್ನ ಹಿಂದೆ, ಬಾಗಿಲ ಸಂದಿಯಲ್ಲಿ, ನಗೆಯನ್ನು ತಡೆಯಲಾರದೆ ನಿಂತಿದ್ದನು.